ಕೊನೆಯ ಸಾಲಿನ ಎರಡು ಸೀಟು

ಸ್ಕ್ರೂಡ್ರೈವರ್ ಹುಡುಕುತ್ತಿದ್ದವನಿಗೆ ಸಿಕ್ಕಿದ್ದು ಕಣ್ಣಿನ ಡಾಕ್ಟರ ಹಾಳೆ. ಅಕ್ಕನ ಬೀರುವಿನಲ್ಲಿ, ಬಟ್ಟೆಗಳ ಅಡಿಯಲ್ಲಿ, ನಾಲ್ಕು ಮಡಿಕೆಯಾಗಿ ಕೂತಿತ್ತು. ಎರಡನೆಯ ಪುಟ ಅದು, ಮೊದಲನೆಯದು ಇರಲಿಲ್ಲ. ಮೂಲೆಯಲ್ಲಿ ಅಕ್ಕನ ಫೋನ್ ನಂಬರು. ಕೆಳಗೆ ಮೂರೇ ಸಾಲು. ಎರಡೂ ಕಣ್ಣು. ತಂದೆಯಿಂದ ಬಂದದ್ದು. ಔಷಧಿ ಇಲ್ಲ.

ಅಪ್ಪ ಕೊನೆಯ ವರ್ಷಗಳಲ್ಲಿ ಗೋಡೆ ಸವರಿಕೊಂಡು ಬಚ್ಚಲಿಗೆ ಹೋಗುತ್ತಿದ್ದದ್ದು ಅವನಿಗೆ ನೆನಪಿತ್ತು.

ಹಾಳೆಯನ್ನು ಇದ್ದ ಹಾಗೆಯೇ ಮಡಚಿಟ್ಟು ಬೀರು ಮುಚ್ಚಿದ. ಈಗ ಎಲ್ಲ ಅರ್ಥವಾಯಿತು. ಹೋದ ವಾರ ಅವಳು ಸ್ಕೂಟರ್ ಮಾರಿದ್ದು ಇದಕ್ಕೇ. "ಬಸ್ಸೇ ಆರಾಮ ಕಣೋ" ಎಂದಿದ್ದಳು. ರಜೆಯಲ್ಲಿ ಲೈಸೆನ್ಸ್ ಮಾಡಿಸಬೇಕೆಂದಿದ್ದ ಅವನು ಎರಡು ದಿನ ಮಾತು ಬಿಟ್ಟಿದ್ದ. ತನಗೆ ತಾನೇ ಹೊಡೆದುಕೊಳ್ಳುವಷ್ಟು ನಾಚಿಕೆಯಾಯಿತು.

ಅಕ್ಕ ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಹನ್ನೊಂದು ವರ್ಷದಿಂದ ಊರವರ ಮೂಗಿನ ಮೇಲೆ ಗಾಜು ಕೂರಿಸಿ, ತಮ್ಮನನ್ನು ಕಾಲೇಜಿನ ಎರಡನೆಯ ವರ್ಷದವರೆಗೆ ತಂದಿದ್ದಳು. ಸಿನಿಮಾ ಅಂದರೆ ದಂಡ, ಆಟ ಅಂದರೆ ತಲೆಹರಟೆ ಎನ್ನುತ್ತಿದ್ದವಳು ಈ ರಜೆ ಶುರುವಾಗುತ್ತಲೇ ತಾನೂ ಎರಡು ತಿಂಗಳು ರಜೆ ಹಾಕಿ, ವಿಡಿಯೋ ಗೇಮಿನ ಪೆಟ್ಟಿಗೆ ತಂದು ಟೀವಿಯ ಮುಂದಿಟ್ಟಿದ್ದಳು.

"ಓದು ಗೀದು ಏನೂ ಬೇಡ. ಎಷ್ಟು ದೊಡ್ಡ ಸಿನಿಮಾ ಬರುತ್ತೋ ಅಷ್ಟನ್ನೂ ನೋಡೋಣ."

"ಜ್ವರ ಗಿರ ಬಂದಿದೆಯಾ ನಿಂಗೆ?" ಎಂದು ಅಂದು ಕೇಳಿದ್ದ. ಹಾಳೆ ಸಿಕ್ಕ ಮೇಲೆ ಅಂಥದ್ದೇನೂ ಕೇಳಲಿಲ್ಲ. ಅವಳಿಗೆ ತಿಳಿಯದ ಹಾಗೆ, ಅವಳ ಕಣ್ಣಿಗೆ ಒಂದು ಬೇಸಿಗೆಯನ್ನು ತುಂಬಿಕೊಡಬೇಕು. ಅಷ್ಟೇ.

ವಾರಕ್ಕೆರಡು ಮಧ್ಯಾಹ್ನದ ಆಟ. ಅಕ್ಕ ಯಾವಾಗಲೂ ಕೊನೆಯ ಸಾಲನ್ನೇ ಕೇಳುತ್ತಿದ್ದಳು. "ಪರದೆ ಪೂರ್ತಿ ಒಟ್ಟಿಗೆ ಸಿಗುತ್ತೆ" ಎನ್ನುತ್ತಿದ್ದಳು. ಬಿಸಿಲಿನಿಂದ ಒಳಗೆ ಬಂದೊಡನೆ ಅವನು ಅವಳ ತೋಳು ಹಿಡಿಯುತ್ತಿದ್ದ.

"ಹುಷಾರು, ಮೆಟ್ಟಿಲು," ಇಬ್ಬರೂ ಒಟ್ಟಿಗೇ ಹೇಳುತ್ತಿದ್ದರು. ಒಮ್ಮೆ ಹೀಗೆ ಹೇಳುತ್ತಲೇ ಅವನೇ ಮುಗ್ಗರಿಸಿದ.

"ಯಾರು ಯಾರನ್ನ ಕರ್ಕೊಂಡು ಹೋಗ್ತಿದೀರಪ್ಪಾ?" ಎಂದ ಟಾರ್ಚಿನವನು. ತಮ್ಮ ನಕ್ಕ. ಅಕ್ಕ ನಗಲಿಲ್ಲ.

ಸಿನಿಮಾ ಮುಗಿದ ಮೇಲೆ ಅವಳದು ಪ್ರಶ್ನೆಗಳ ಸರಮಾಲೆ. ಬಸ್ ಸ್ಟಾಪಿನಲ್ಲಿ ನಿಂತು ಕೇಳುತ್ತಿದ್ದಳು.

"ಹಡಗು ಮುಳುಗೋವಾಗ ಎಡಗಡೆ ಬಾಗಿಲಲ್ಲಿ ಒಬ್ಬಳು ಮುದುಕಿ ನಿಂತಿದ್ದಳಲ್ಲ, ನೋಡ್ದೆಯಾ?"

"ಯಾವ ಮುದುಕಿ? ಯಾರೂ ಇರಲಿಲ್ಲ ಬಿಡಕ್ಕಾ."

ಅವಳು ಬಸ್ಸು ಬರುವ ದಾರಿಯತ್ತ ತಿರುಗುತ್ತಿದ್ದಳು. ಇಲ್ಲದ್ದೆಲ್ಲ ಕಾಣಿಸತೊಡಗಿದೆ ಪಾಪ, ಎಂದುಕೊಂಡ. ಮುಂದಿನ ಸಲದಿಂದ ಅವಳು ಏನು ಕೇಳಿದರೂ "ಹ್ಞೂಂ, ನೋಡ್ದೆ" ಎನ್ನತೊಡಗಿದ. ಅದಕ್ಕೆ ಅವಳ ಮುಖ ಅರಳುತ್ತಿತ್ತು. ಅವಳ ಖುಷಿಗೆ ಒಂದು ಸುಳ್ಳು ಹೆಚ್ಚೇನಲ್ಲ.

ಊಟವಾದ ಮೇಲೆ ಪುಸ್ತಕ. ಲೈಬ್ರರಿಯಿಂದ ಇಟ್ಟಿಗೆಯಂಥ ಕಾದಂಬರಿಗಳನ್ನು ತರುತ್ತಿದ್ದರು. ಕಡಲ್ಗಳ್ಳರು, ಕಾಡು, ಕೊಲೆ. "ನೀನೇ ಓದು, ನಂಗೆ ಕೇಳೋದು ಇಷ್ಟ" ಎಂದು ಅಕ್ಕ ಗೋಡೆಗೊರಗುತ್ತಿದ್ದಳು. ಅವನು ಗಂಟಲು ಕಟ್ಟುವವರೆಗೆ ಓದುತ್ತಿದ್ದ. ಸಾಲು ತಪ್ಪಿದರೆ ಅವಳು ರಟ್ಟಿನ ಪಟ್ಟಿಯೊಂದನ್ನು ಸಾಲಿನ ಕೆಳಗಿಡುತ್ತಿದ್ದಳು. ಒಂದು ದಿನ, ಹೊಟ್ಟೆ ಹುಣ್ಣಾಗುವಷ್ಟು ನಗಿಸುವ ಅಧ್ಯಾಯದ ನಡುವೆ ತಲೆಯೆತ್ತಿ ನೋಡಿದರೆ ಅವಳು ಅಳುತ್ತಿದ್ದಳು.

"ಅಳೋಕೇನಿದೆ ಇದರಲ್ಲಿ?"

"ಏನಿಲ್ಲ. ಚೆನ್ನಾಗಿ ಓದ್ತೀಯ. ಮುಂದೆ?"

ಸಂಜೆ ಗೇಮು. ಅಕ್ಕನಿಗೆ ಗೊತ್ತಿದ್ದ ಆಟ ಒಂದೇ, ಅಂಗಡಿಯ ಹೊಸ ಯಂತ್ರದ್ದು. ಅವನ ಪರೀಕ್ಷೆ ಮುಗಿದ ದಿನ ಕರೆದೊಯ್ದು ಆಡಿಸಿದ್ದಳು. ಬಿಳಿ ಬೋಗುಣಿಯೊಳಗೆ ಮುಖವಿಟ್ಟು, ಚುಕ್ಕೆ ಮಿನುಗಿದಾಗಲೆಲ್ಲ ಗುಂಡಿ ಒತ್ತುವುದು. ಎಷ್ಟೋ ಹೊತ್ತಿಗೊಂದು ಚುಕ್ಕೆ. ಅಷ್ಟು ಸಪ್ಪೆ ಆಟವನ್ನು ಅವನು ಜನ್ಮದಲ್ಲಿ ಆಡಿರಲಿಲ್ಲ. "ಒಂದೂ ಬಿಟ್ಟಿಲ್ಲ, ನಾನೇ ಫಸ್ಟು" ಎಂದಿದ್ದ. ಶನಿವಾರ ಅಂಗಡಿಗೆ ಬರುವ ಡಾಕ್ಟರು ಅವನ ಕಣ್ಣಿಗೂ ಎರಡು ಹನಿ ಬಿಟ್ಟು ನೋಡಿ, ಬೆನ್ನು ತಟ್ಟಿ ಕಳಿಸಿದ್ದರು.

ಮನೆಯ ಆಟದಲ್ಲಿ ಇಬ್ಬರೂ ಒಂದೇ ಪಡೆ. ಅವಳು ಗುಂಡಿಗಳನ್ನು ಚಟ್ನಿ ಅರೆದಂತೆ ಅರೆಯುತ್ತಿದ್ದಳು. ಅವಳನ್ನು ಕಾಯುವ ಭರದಲ್ಲಿ ಅವನೇ ಸಾಯುತ್ತಿದ್ದ.

"ಎಡಕ್ಕೆ, ಎಡಕ್ಕೆ ನೋಡೋ."

"ನೀನು ನಿಂದು ನೋಡ್ಕೊ ಅಕ್ಕಾ."

"ನಾನಿರ್ತೀನಿ ನಿನ್ನ ಎಡಗಡೆ. ನೀನು ಮುಂದೆ ನೋಡ್ಕೊಂಡು ನಡಿ, ಸಾಕು."

ಕಾಲೇಜು ಶುರುವಾಗಲು ಎರಡು ದಿನವಿತ್ತು. ಕೊನೆಯ ಕಾದಂಬರಿಯ ಕೊನೆಯ ಪುಟ ಮುಗಿದಾಗ ಅಕ್ಕ ಪುಸ್ತಕ ಮುಚ್ಚಿ, ಅವನ ಮುಖ ನೋಡದೆ ಹೇಳಿದಳು. "ನಾಳೆ ಡಾಕ್ಟರ ಹತ್ರ ಹೋಗಬೇಕು. ಬರ್ತೀಯಾ?"

ಕೊನೆಗೂ ಬಾಯಿ ಬಿಟ್ಟಳು. "ಕೇಳೋದೇನು, ನಡಿ" ಎಂದ.

ಡಾಕ್ಟರ ಕೋಣೆಗೆ ಅವಳ ತೋಳು ಹಿಡಿದೇ ಕರೆದೊಯ್ದ. ಕುರ್ಚಿ ಇದ್ದದ್ದು ಒಂದೇ. ಅಕ್ಕ ಅವನ ಭುಜ ಒತ್ತಿ ಕೂರಿಸಿ ಕೈ ಬಿಟ್ಟಳು. ಹಿಂದೆ ಬಾಗಿಲು ಮುಚ್ಚಿಕೊಂಡ ಸದ್ದಾಯಿತು.

"ರಜೆ ಮುಗಿಯೋವರೆಗೂ ಹೇಳಬೇಡಿ ಅಂದಿದ್ರು ನಿಮ್ಮಕ್ಕ," ಎಂದರು ಡಾಕ್ಟರು.

"ನಂಗೊತ್ತು ಡಾಕ್ಟ್ರೇ. ಹಾಳೆ ನೋಡಿದೀನಿ." ರಜೆಯುದ್ದಕ್ಕೂ ಬಾಯಿಪಾಠ ಮಾಡಿಕೊಂಡಿದ್ದ ಮಾತು ಈಗ ತೊದಲಿತು. "ಅವಳಿಗೆ ಯಾವ ಕಷ್ಟನೂ ಬರದ ಹಾಗೆ ನೋಡ್ಕೋತೀನಿ. ಕೈ ಹಿಡಿದು ಓಡಾಡಿಸ್ತೀನಿ."

ಡಾಕ್ಟರು ಪೆನ್ನು ಕೆಳಗಿಟ್ಟರು.

"ನನ್ನ ಮೂಗನ್ನೇ ನೋಡ್ತಿರಿ. ತಲೆ ತಿರುಗಿಸಬೇಡಿ. ಈಗ ನಿಮ್ಮಕ್ಕ ಎಲ್ಲಿದಾರೆ ಹೇಳಿ?"

"ಹೊರಗೆ ಹೋದಳಲ್ಲ."

ಅಕ್ಕ ಅವನ ಎಡಕ್ಕೆ, ಒಂದು ಮಾರು ದೂರದಲ್ಲಿ ನಿಂತು, ಎರಡೂ ಕೈ ಬೀಸುತ್ತಲೇ ಇದ್ದಳು.