ಕಾಕಂಬಿ ಹೊಗೆ

ರಿಕ್ಷಾದ ಹಿಂದೆ ಬಂದ ಹಾಲವ್ವ ರೂಢಿಯಂತೆ ಸೆರಗನ್ನು ಮೂಗಿಗೆ ಒತ್ತಿಕೊಂಡಳು. ಆಮೇಲೆ ಮೆಲ್ಲಗೆ ಇಳಿಸಿದಳು. ಸಾತಪ್ಪ ಎಂಜಿನ್ ಚಾಲೂ ಇಟ್ಟು ಕನ್ನಡಿಯಲ್ಲಿ ನೋಡುತ್ತಿದ್ದ. ಗಡಹಿಂಗ್ಲಜದ ಮಂದಿಯನ್ನೆಲ್ಲ ಹೊತ್ತು ತಿರುಗಿದ ಅವನ ರಿಕ್ಷಾದಲ್ಲಿ ಹೆಂಡತಿ ಮಾತ್ರ ಒಮ್ಮೆಯೂ ಕೂತಿರಲಿಲ್ಲ. ಅವಳಿಗೆ ದಮ್ಮಿನ ರೋಗ; ರಿಕ್ಷಾದ ಹೊಗೆ ತಾಕಿದರೆ ಸಾಕು, ಎದೆ ಕಟ್ಟುತ್ತಿತ್ತು.

"ಬೆಲ್ಲದ ಗಾಣದ ವಾಸನಿ ಬರಾಕತ್ತೈತಲ್ರಿ," ಎಂದಳು.

"ಇದು ಪೆಟ್ರೋಲ್ ಅಲ್ಲ, ಕಬ್ಬಿನ ಕಾಕಂಬಿಯಿಂದ ತಗದ ಸ್ಪಿರಿಟ್. ಹಾಕಿ ನೋಡಂತ ಸಕ್ಕರಿ ಕಾರ್ಖಾನಿಯವರು ಒಂದ ಡಬ್ಬಿ ಕೊಟ್ಟಾರ. ಹತ್ತ."

ಹಾಲವ್ವ ಹತ್ತಿ, ಸೀಟಿನ ನಟ್ಟನಡುವೆ ಕೂತಳು. ದಿನವೂ ಯಾರ್ಯಾರೋ ಕೂತು ಸವೆಸಿದ ರೆಕ್ಸಿನ್ನಿನ ಮೇಲೆ ಕೈಯಾಡಿಸಿದಳು. ಮದುವೆಯ ಹೊಸದರಲ್ಲಿ ಕೇಳಿ, ಆಮೇಲೆ ಕೇಳುವುದನ್ನೇ ಬಿಟ್ಟಿದ್ದ ಮಾತನ್ನು ಈಗ ಕೇಳಿದಳು: "ಹೊಳಿ ದಾಟಿ ಹೋಗೂಣೇನ್ರಿ?"

ಸಾತಪ್ಪನಿಗೆ ಟಾಕಿಯಲ್ಲಿ ಉಳಿದ ಸ್ಪಿರಿಟ್ ಎಷ್ಟೆಂದು ಗೊತ್ತಿತ್ತು. "ಹೋಗಾಕ ಸಾಲತೈತಿ. ಬರೂವಾಗ ಮತ್ತ ಪೆಟ್ರೋಲನ ಹಾಕಬೇಕಾಕ್ಕೈತಿ, ಅದ ಹೊಗಿ."

ಹಾಲವ್ವ ಸೆರಗನ್ನು ಎಳೆದು ಸೊಂಟಕ್ಕೆ ಸಿಕ್ಕಿಸಿದಳು.

"ನೀವು ಹೊಡೀರಿ. ಬರೂವಾಗ ನಾ ದಬ್ಬತೇನಿ."