ಎಂಟು ಸೆಕೆಂಡು ಕಡಿಮೆ

“ಮೂವತ್ತೊಂದು ಫೈಲು. ಮೂವತ್ತೊಂದೂ ಹಾಳು,” ಎಂದರು ತಂಡದ ಮುಖ್ಯಸ್ಥರು ಪರದೆಯೊಳಗಿಂದ. “ಒಬ್ಬರೇ ಗಿರಾಕಿ, ಪ್ರತಿ ಶುಕ್ರವಾರ, ಪ್ರತಿ ಸಲ ಕೊನೇ ಎಂಟು ಸೆಕೆಂಡು ಮಾಯ. ನಮ್ಮ ಕಡೆಯೇ ಏನಾದ್ರೂ ಎಡವಟ್ಟಾಗ್ತಿದೆಯಾ, ಡಾಕ್ಟರಮ್ಮ?”

“ನಮ್ಮ ಆ್ಯಪ್‌ನಲ್ಲಿ ಏನೂ ದೋಷ ಇಲ್ಲ ಸರ್,” ಎಂದಳು ಅವಳು. “ಅವರ ಫೋನು ತುಂಬಾ ಹಳೇದು.”

ಡಾಕ್ಟರಮ್ಮ ನಿಜವಾದ ಡಾಕ್ಟರೇನಲ್ಲ. ಜನ ತಮಗೆ ಬೇಕಾದ ಧ್ವನಿಗಳನ್ನು ಜೋಪಾನವಾಗಿಡುವ ಒಂದು ಪುಟ್ಟ ಆ್ಯಪ್‌ನಲ್ಲಿ ಫೈಲುಗಳ ನಾಡಿ ಹಿಡಿಯುವುದು ಅವಳ ಕೆಲಸ. ಬಂದ ಫೈಲುಗಳೆಲ್ಲ ಮೊದಲು ಅವಳ ಮುಂದೆಯೇ ಹಾದುಹೋಗಬೇಕು. ತೆರೆಯದ ಫೈಲು ಕೆಟ್ಟಿದೆಯೋ, ಇಲ್ಲಾ ಆ್ಯಪ್‌ಗೆ ಓದಲು ಬಾರದ ಬೇರೆ ಬಗೆಯದೋ ಎಂದು ಪತ್ತೆಹಚ್ಚಿ, ಕಳಿಸಿದವರಿಗೆ ನಾಲ್ಕು ಸಾಲು ಬರೆಯಬೇಕು. ತಪಾಸಣೆ ಸರಿಯಾಗಿ ನಡೆಯುತ್ತಿದೆಯೇ ಎಂದು ನೋಡಲು ಒಳ್ಳೆಯ ಫೈಲುಗಳನ್ನು ಬೇಕೆಂದೇ ಕೆಡಿಸಿಡುವುದೂ ಅವಳ ಪಾಲಿಗೇ ಬಂದಿತ್ತು.

ಎಂಟು ಕುರ್ಚಿಗಳ ಆಫೀಸಿಗೆ ಅವಳೊಬ್ಬಳೇ ಬರುತ್ತಿದ್ದಳು. ಉಳಿದವರು ಮನೆಯಿಂದಲೇ ಕೆಲಸ ಮಾಡುತ್ತಿದ್ದರು. ಅವಳೂ ಮಾಡಬಹುದಿತ್ತು. ಆದರೆ ಮನೆಯಲ್ಲಿ ಯಾರೂ ಇಲ್ಲದಿರುವುದಕ್ಕಿಂತ ಆಫೀಸಿನಲ್ಲಿ ಯಾರೂ ಇಲ್ಲದಿರುವುದು ಮೇಲು ಎನಿಸಿತ್ತು. ಇಲ್ಲಾದರೆ ಒಂಟಿತನಕ್ಕೆ ಸಂಜೆ ಆರಕ್ಕೆ ಬೀಗ ಹಾಕಬಹುದು.

ಶುಕ್ರವಾರದ ಆ ಗಿರಾಕಿ ಗಡಿಯಾರ ರಿಪೇರಿ ಮಾಡುವ ವಯಸ್ಸಾದ ಮನುಷ್ಯ. ರಿಪೇರಿಯಾದ ಗಡಿಯಾರ ಒಡೆಯರ ಕೈ ಸೇರುವ ಮುನ್ನ ಅದರ ಟಿಕ್ ಟಿಕ್ ಸದ್ದನ್ನು ಒಂದು ನಿಮಿಷ ರೆಕಾರ್ಡ್ ಮಾಡಿಟ್ಟುಕೊಳ್ಳುವುದು ಅವರ ಹುಚ್ಚು. ಮೊದಲ ಫೈಲಿನಲ್ಲಿ ಐವತ್ತೆರಡೇ ಸೆಕೆಂಡು ಇತ್ತು. ಇನ್ನೊಮ್ಮೆ ಕಳಿಸಿ, ರೆಕಾರ್ಡಿಂಗ್ ಸೇವ್ ಆಗಿ ಮುಗಿಯುವ ಮೊದಲೇ ಫೋನಿನ ಬ್ಯಾಟರಿ ಕಿತ್ತರೆ ಫೈಲು ತುಂಡಾಗುತ್ತದೆ, ಜೋಕೆ, ಎಂದು ಅವಳು ಬರೆದಿದ್ದಳು. ಅವರು ಫೈಲಿನ ಜೊತೆಗೆ ಒಂದು ಪುಟದಷ್ಟು ಉತ್ತರವನ್ನೂ ಕಳಿಸಿದರು. ಆ ಗಡಿಯಾರ ಯಾರದು, ಎಲ್ಲಿ ಬಿದ್ದಿತ್ತು, ಅದಕ್ಕೇನು ರೋಗ, ಎಲ್ಲವೂ ಅದರಲ್ಲಿತ್ತು. ಕೊನೆಗೆ, ನೀವು ಊಟ ಮಾಡಿದಿರಾ ಮೇಡಂ ಎಂದು ಕೇಳಿದ್ದರು.

ಆ ಪ್ರಶ್ನೆಯನ್ನು ಅವಳಿಗೆ ಯಾರೂ ಕೇಳದೆ ಎಷ್ಟೋ ಕಾಲವಾಗಿತ್ತು. ಆಗಲಿಂದ ಶುಕ್ರವಾರ ಬಂತೆಂದರೆ ಅವಳ ಮುಖ ಅರಳುತ್ತಿತ್ತು. ಫೈಲು ಕೆಡುವುದು, ಅವಳು ಬರೆಯುವುದು, ಅವರು ಉತ್ತರಿಸುವುದು. ಹೀಗೆಯೇ ಮೂವತ್ತೊಂದು ವಾರ ಕಳೆದಿದ್ದವು.

ಮುಖ್ಯಸ್ಥರು ಮಾತ್ರ ಸುಮ್ಮನೆ ಬಿಡುವ ಆಸಾಮಿಯಲ್ಲ. ಇನ್ನು ಮುಂದೆ ತಪಾಸಣೆ ಗಿರಾಕಿಯ ಫೋನಿನಲ್ಲೇ ನಡೆಯಲಿ, ಕೆಟ್ಟ ಫೈಲನ್ನು ಆ್ಯಪ್ ಅಲ್ಲೇ ತಡೆದು ಕಾರಣ ಹೇಳಲಿ, ಪತ್ರ ಗಿತ್ರದ ತಾಪತ್ರಯವೇ ಬೇಡ ಎಂದರು. ಅದನ್ನು ಬರೆಯಬೇಕಾದವಳೂ ಅವಳೇ. ಮೊದಲ ವಾರ ಫೈಲನ್ನು ತಡೆಯುವುದು ಬೇಡ, ಫೋನಿನಿಂದ ಹೊರಟಾಗ ಅದು ಹೇಗಿತ್ತು ಎಂಬ ವರದಿ ಬಂದರೆ ಸಾಕು ಎಂದಾಯಿತು.

ಅವಳು ಬರೆದಳು. ಒಂದೊಂದು ಸಾಲಿಗೂ ಕೈ ಹಿಂಜರಿಯುತ್ತಿತ್ತು. ಜಗತ್ತಿನಲ್ಲಿ ತನ್ನೊಡನೆ ಮಾತಾಡುವ ಒಬ್ಬರೇ ಒಬ್ಬರ ಬಾಯಿಯನ್ನು ತಾನೇ ಮುಚ್ಚಿಸುತ್ತಿದ್ದೇನೆ ಎನಿಸಿ ಅಳು ಬಂತು.

ಅದೇ ಹೊತ್ತಿಗೆ ಅವರ ಹಿಂದಿನ ಪತ್ರದ ಒಂದು ಮಾತೂ ಅವಳನ್ನು ಚುಚ್ಚುತ್ತಿತ್ತು. ಎರಡನೇ ಸಲ ರೆಕಾರ್ಡ್ ಮಾಡಬೇಕಾದರೆ ಸದ್ದು ಬೆರೆಯದಂತೆ ಅಂಗಡಿಯ ಉಳಿದ ಗಡಿಯಾರಗಳನ್ನೆಲ್ಲ ಮತ್ತೆ ಏಣಿ ಹತ್ತಿ ಒಂದೊಂದಾಗಿ ನಿಲ್ಲಿಸಬೇಕು, ಮಂಡಿ ನೋವಿನಲ್ಲಿ ಅದೇ ಸ್ವಲ್ಪ ಕಷ್ಟ ಎಂದು ಅವರು ನಗುತ್ತಲೇ ಬರೆದಿದ್ದರು.

ಮುಂದಿನ ಶುಕ್ರವಾರದ ಫೈಲು ಪೂರ್ತಿ ಒಂದು ನಿಮಿಷ ಇತ್ತು. ಎಳ್ಳಷ್ಟೂ ಕೊರತೆಯಿಲ್ಲ. “ನೋಡಿದ್ರಾ, ತಾನಾಗೇ ವಾಸಿಯಾಯ್ತು,” ಎಂದು ಮುಖ್ಯಸ್ಥರು ಹಿಗ್ಗಿದರು. ಹೌದು ಸರ್ ಎಂದಳು. ಚೆನ್ನಾಗಿರುವ ಫೈಲಿನ ಬಗ್ಗೆ ಗಿರಾಕಿಗೆ ಬರೆಯಲು ಏನಿದೆ? ಬರೆಯಲಿಲ್ಲ. ಅದಾದ ಮೇಲೆ ವಾರವಿಡೀ ಅವಳು ಕಾಫಿ ಯಂತ್ರದ ಜೊತೆಗೆ ಬಿಟ್ಟರೆ ಇನ್ಯಾರ ಜೊತೆಗೂ ಮಾತಾಡಲಿಲ್ಲ. ಅದೂ ಬೈಗುಳವೇ.

ಅದರ ಮರುವಾರ ಹೊಸ ತಪಾಸಣೆ ಚಾಲೂ ಆಯಿತು. ಶುಕ್ರವಾರ ಬೆಳಿಗ್ಗೆ ಹನ್ನೊಂದಕ್ಕೆ ಗಡಿಯಾರದವರ ಫೈಲು ಬಂತು. ಜೊತೆಗೆ ವರದಿಯೂ ಬಂತು: ಫೈಲು ತುಂಡಾಗಿದೆ, ಫೋನಿನಿಂದ ಹೊರಡುವ ಮುನ್ನವೇ ತುಂಡಾಗಿತ್ತು.

ವರದಿಯನ್ನು ಮೂರು ಸಲ ಓದಿದಳು. ತಾನೇ ಬರೆದ ತಪಾಸಣೆಯ ಮೇಲೆ ತನಗೇ ಅನುಮಾನ ಬಂದು ಅದನ್ನು ಮತ್ತೆ ಓಡಿಸಿದಳು. ಉತ್ತರ ಬದಲಾಗಲಿಲ್ಲ. ಇದು ಸಾಧ್ಯವೇ ಇರಲಿಲ್ಲ. ಅವರ ಫೋನು ಕೆಟ್ಟಿರಲೇ ಇಲ್ಲ ಎಂಬುದು ಅವಳಿಗಿಂತ ಚೆನ್ನಾಗಿ ಇನ್ಯಾರಿಗೂ ಗೊತ್ತಿರಲಿಲ್ಲ. ಮೂವತ್ತೊಂದರಲ್ಲಿ ಮೊದಲನೆಯದೊಂದೇ ನಿಜಕ್ಕೂ ಕೆಟ್ಟು ಬಂದಿದ್ದು. ಉಳಿದ ಮೂವತ್ತನ್ನೂ, ಅವು ಬಂದು ಸೇರಿದ ಮೇಲೆ, ಸರಿಯಾಗಿ ಎಂಟೆಂಟು ಸೆಕೆಂಡು ಕತ್ತರಿಸಿದವಳು ಅವಳೇ. ಅವರ ಮಂಡಿ ನೋವಿನ ಮಾತು ಓದಿದ ಮೇಲೆ ಕೈ ಬರದೆ, ಹೋದ ವಾರದಿಂದ ಅದನ್ನು ಬಿಟ್ಟಿದ್ದಳು. ಈ ಫೈಲನ್ನು ಅವಳು ಮುಟ್ಟಿಯೂ ಇರಲಿಲ್ಲ.

ಫೈಲಿನ ಕೆಳಗೆ ಅವರದೊಂದು ಟಿಪ್ಪಣಿ ಇತ್ತು: “ಮೇಡಂ, ಇವತ್ತಿನದು ಪೂರ್ತಿ ಇರುವುದಿಲ್ಲ, ನನಗೆ ಗೊತ್ತು. ನೀವು ಬೇಡ ಅಂದಿದ್ದರೂ ಸೇವ್ ಆಗುತ್ತಿರುವಾಗಲೇ ಬ್ಯಾಟರಿ ಕಿತ್ತೆ, ಕ್ಷಮಿಸಿ. ಹೋದ ವಾರದ್ದು ಯಾಕೋ ಸರಿಯಾಗಿ ಬಂದುಬಿಟ್ಟಿತು, ನೀವು ಬರೆಯಲೇ ಇಲ್ಲ.”