ಪ್ರಶಸ್ತಿ ಬಂದ ಉತ್ತರ

ಗ್ರಾಫಿನ ಗೆರೆಯ ಕೆಳಗಿನ ವಿಸ್ತೀರ್ಣ ಸಿಗಬೇಕಾದರೆ ಆ ಜಾಗವನ್ನು ಉದ್ದುದ್ದ ಪಟ್ಟಿಗಳಾಗಿ ಸೀಳಿ ಕೂಡಿಸಬೇಕು; ಪಟ್ಟಿ ಹೆಚ್ಚಿದಷ್ಟೂ ಉತ್ತರ ನಿಖರ. ಸಂಶೋಧನಾ ವಿದ್ಯಾರ್ಥಿನಿಯಾದ ಅವಳಿಗೆ ಇದನ್ನು ಕಲಿಸಿದ್ದೇ ಅವಳ ಪಿಎಚ್‌ಡಿ ಗೈಡ್. ಆದರೆ ಕಂಪ್ಯೂಟರಿನಲ್ಲಿ ಲಕ್ಷ ಪಟ್ಟಿ ಸೀಳಿದರೂ ಅವಳ ಉತ್ತರ, ಅವರಿಗೆ ಪ್ರಶಸ್ತಿ ತಂದ ಹಳೇ ಪೇಪರಿನ ಉತ್ತರಕ್ಕೆ ತಾಳೆಯಾಗಲಿಲ್ಲ.

"ನನ್ನ ಉತ್ತರ ಬರೋವರೆಗೂ ನಿನ್ನ ಥೀಸಿಸ್‌ಗೆ ಸಹಿ ಹಾಕಲ್ಲ. ಎಷ್ಟು ಪಟ್ಟಿ ಬೇಕಾದ್ರೂ ಸೀಳ್ಕೊಂಡು ಬಾ" ಎಂದರು ಗೈಡ್.

ವಾರ ಕಳೆದು ಬಂದಳು. "ಬಂತು ಸರ್. ದಶಾಂಶವೂ ಬಿಡದೆ ನಿಮ್ಮದೇ ಉತ್ತರ."

ಗೈಡ್ ಸಹಿ ಹಾಕಿದರು. ಟೀ ಕುಡಿಯುತ್ತಾ ಕೂತಿದ್ದ ವಿಭಾಗದ ಮುಖ್ಯಸ್ಥರ ಕಡೆ ತಿರುಗಿದರು. "ನೋಡಿದ್ರಾ ಸರ್? ಈಗಿನ ಮಕ್ಕಳಿಗೆ ತಾಳ್ಮೆಯೇ ಇಲ್ಲ, ನಾವೇ ಹಿಂದೆ ಬಿದ್ದು ಮಾಡಿಸ್ಬೇಕು. ಎಷ್ಟು ಪಟ್ಟಿ ಬೇಕಾಯ್ತು, ಹೇಳಮ್ಮ ಇವರಿಗೆ."

"ಎರಡು, ಸರ್."